ಮೊದಲ ಆಯ್ಕೆಯೋ, ಹಲವು ಆಯ್ಕೆಗಳೋ?

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುವರ್ಗದ ಮಕ್ಕಳಿಗೆ ಪ್ರತಿವರ್ಷ ಏಪ್ರಿಲ್ ತಿಂಗಳು ಸಮೀಪಿಸಿತೆಂದರೆ ಒಂದು ಜ್ವರ ಬರುತ್ತದೆ. ಅದು ಅಲ್ಲಿಯ ಫುಟ್‌ಬಾಲಿನ ಜ್ವರ. ಅಲ್ಲಿಯವರು ಫುಟ್‌ಬಾಲ್ ಎಂದು ಕರೆಯುವ ಆಟವನ್ನು ಹೆಚ್ಚಾಗಿ ಕೈಯಿಂದಲೇ ಆಡುತ್ತಾರೆಂಬುದು ನಮಗೆ ವಿಚಿತ್ರವಾಗಿ ತೋರಬಹುದು. ಅದಕ್ಕಿಂತ ವಿಚಿತ್ರವಾದುದು ಅವರು ಹೊಸ ಆಟಗಾರರನ್ನು ಹಂಚಿಕೊಳ್ಳುವ ಕ್ರಮ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಕಾಲೇಜು ಮುಗಿಸಿ ಬರುವ ಆಟಗಾರರನ್ನು 32 ತಂಡಗಳು ಸರದಿಯಂತೆ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುತ್ತವೆ. ಹೀಗೆ ಏಳು ಸುತ್ತು ನಡೆಯುತ್ತದೆ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ, ಗೆದ್ದ ತಂಡಕ್ಕೆ ಸುತ್ತಿನ ಕೊನೆಯ ಆಯ್ಕೆ. ಬಲಹೀನನ ಎಲೆಗೆ ಮೊದಲು ಬಡಿಸುವ ಈ ನ್ಯಾಯ ನನಗೆ ತುಂಬ ಹಿಡಿಸಿತು. 1935ರಲ್ಲಿ ಫಿಲಡೆಲ್ಫಿಯಾ ತಂಡದ ಒಡೆಯರಾಗಿದ್ದ ಬರ್ಟ್ ಬೆಲ್ ಎಂಬವರು ಇದನ್ನು ಸೂಚಿಸಿದರು. 1936ರಲ್ಲಿ ಮೊದಲ ಡ್ರಾಫ್ಟ್ ನಡೆಯಿತು.

ಈ ಸರದಿಯ ಹಕ್ಕನ್ನು ತಂಡಗಳು ಪರಸ್ಪರ ಬದಲಾಯಿಸಿಕೊಳ್ಳಲೂ ಬಹುದು. ಮೇಲಿನ ಒಂದು ಆಯ್ಕೆಯನ್ನು ಬಿಟ್ಟುಕೊಟ್ಟು ಅದಕ್ಕೆ ಪ್ರತಿಯಾಗಿ ಕೆಳಗಿನ ಎರಡು ಮೂರು ಆಯ್ಕೆಗಳನ್ನು ಪಡೆಯುವುದೊಂದು ಕ್ರಮ. ಇದನ್ನು ಇಳಿದು ಆರಿಸುವುದು ಎನ್ನೋಣ. ನನ್ನ ತಮ್ಮನ ಮಗ ಕಳುಹಿಸಿದ ಪ್ರಶ್ನೆ ಇಷ್ಟೇ: "ದೊಡ್ಡಪ್ಪ, ನೀವು ಗಣಿತದ ಮೇಷ್ಟ್ರು. ನಮ್ಮ ತಂಡ ಈ ಸಲ ಇಳಿದು ಆರಿಸುವುದು ಲೇಸೋ, ಅಲ್ಲವೋ?" ಅವನ ತಂಡದ ಆಟಗಾರರಲ್ಲಿ ಒಬ್ಬನ ಹೆಸರೂ ನನಗೆ ತಿಳಿಯದು. ಆದರೆ ಪ್ರಶ್ನೆ ಮಾತ್ರ ನನಗೆ ಹೊಸದಲ್ಲ. ಅದು ಬೆಟ್ಟದಪುರದ ಪ್ರಶ್ನೆಯೂ ಹೌದು, ಬೆಂಗಳೂರಿನ ಪ್ರಶ್ನೆಯೂ ಹೌದು. ಮೂರು ದಶಕಗಳಿಗೂ ಮೀರಿ ಪಾಠ ಹೇಳಿದ ಮೇಷ್ಟ್ರೊಬ್ಬನ ಪ್ರಶ್ನೆಯಂತೂ ಹೌದೇ ಹೌದು. ಆದ್ದರಿಂದ ಉತ್ತರವನ್ನು ಅವನೊಬ್ಬನಿಗೆ ಬರೆಯುವ ಬದಲು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ನಮ್ಮ ಬಾಲ್ಯದಲ್ಲಿ ಚಿನ್ನಿದಾಂಡಿಗೋ ಕಬಡ್ಡಿಗೋ ಎರಡು ಪಕ್ಷ ಮಾಡುವಾಗ ಇಬ್ಬರು ನಾಯಕರು ನಿಲ್ಲುತ್ತಿದ್ದರು. ಉಳಿದವರಲ್ಲಿ ಸರಿಸಮ ಬಲದ ಇಬ್ಬಿಬ್ಬರು ಜೋಡಿಯಾಗಿ, ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಒಂದೊಂದು ಹೆಸರಿಟ್ಟುಕೊಂಡು ಬರುತ್ತಿದ್ದರು. ಕಬ್ಬು ಬೇಕೋ ಬೆಲ್ಲ ಬೇಕೋ ಎಂದು ಕೇಳಿದರೆ ನಾಯಕ ಒಂದನ್ನು ಹೇಳಬೇಕು. ಆ ಹೆಸರಿನವನು ಅವನ ಕಡೆಗೆ, ಮತ್ತೊಬ್ಬ ಎದುರು ಕಡೆಗೆ. ಇದರಲ್ಲಿ ಯಾರು ಮೊದಲಿಗ, ಯಾರು ಕಡೆಯವನು ಎಂಬ ಅವಮಾನವೇ ಇರಲಿಲ್ಲ. ನೇರವಾಗಿ ಬೆರಳು ತೋರಿಸಿ ಆರಿಸುವ ಪದ್ಧತಿ ಶಾಲೆಯ ಮೈದಾನಕ್ಕೆ ಬಂದದ್ದು ಆಮೇಲೆ. ಆಗ ಕೊನೆಗೆ ಉಳಿಯುವ ಹುಡುಗನ ಮುಖವನ್ನು ನೋಡಿದವರಿಗೆ, ಆಯ್ಕೆ ಎಂಬುದು ಬರಿಯ ಲೆಕ್ಕವಲ್ಲ ಎಂಬುದು ತಿಳಿಯುತ್ತದೆ.

ಲೆಕ್ಕದ ಮಾತಿಗೇ ಬರೋಣ. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಯ ಕಡೆಯ ನಮ್ಮವರಿಗೆ ಹರಾಜು ಎಂದರೆ ಮೊದಲು ನೆನಪಾಗುವುದು ಹೊಗೆಸೊಪ್ಪಿನ ಹರಾಜು. ತಂಬಾಕು ಮಂಡಳಿಯು 1984ರಲ್ಲಿ ಕರ್ನಾಟಕದಲ್ಲಿ ಹರಾಜು ಕ್ರಮವನ್ನು ಜಾರಿಗೆ ತಂದಂದಿನಿಂದ ಕಂಪಲಾಪುರದ ಮಾರುಕಟ್ಟೆ ನಮಗೆ ಪರಿಚಿತ. ಒಂದೇ ಹೊಲದ, ಒಂದೇ ಗಿಡದ ಎಲೆಗಳೂ ಒಂದೇ ದರ್ಜೆಗೆ ಸೇರುವುದಿಲ್ಲ. ಬ್ಯಾರನ್ನಿನಲ್ಲಿ ಹದವಾಗಿ ಬೆಂದು ಹೊಂಬಣ್ಣಕ್ಕೆ ತಿರುಗಿದ ಎಲೆಗೆ ಒಂದು ಬೆಲೆ, ಮಧ್ಯಮಕ್ಕೆ ಒಂದು, ಕಂದಿದ್ದಕ್ಕೆ ಮತ್ತೊಂದು. ಹರಾಜು ಆರಂಭವಾದ ಮರುದಿನ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವುದು ಆ ದಿನದ ಅತಿ ಹೆಚ್ಚಿನ ಬೆಲೆ. ಆದರೆ ಬ್ಯಾಂಕಿನ ಸಾಲವನ್ನು ತೀರಿಸುವುದು ಆ ಬೆಲೆಯಲ್ಲ. ಮನೆಯಿಂದ ಹೋದ ಎಲ್ಲ ಬೇಲುಗಳಿಗೂ ದೊರೆತ ಸರಾಸರಿ ಬೆಲೆ. ಒಂದು ಬೇಲು ಮಾರುಕಟ್ಟೆಗೇ ಮೊದಲನೆಯದಾಗಿ, ಉಳಿದವು ನೆಲಕಚ್ಚಿದರೆ ಆ ರೈತನು ಊರಿಗೆ ಮರಳುವಾಗ ಯಾರನ್ನೂ ಮಾತನಾಡಿಸುವುದಿಲ್ಲ. ಈ ಸತ್ಯ ನಮ್ಮ ಕಡೆಯ ಬೇಸಾಯಗಾರನಿಗೆ ಚೆನ್ನಾಗಿ ಗೊತ್ತು. ಆದರೆ ಅದೇ ಬೇಸಾಯಗಾರ ಟಿವಿಯ ಮುಂದೆ ಕುಳಿತು ಆಟಗಾರರ ಹರಾಜು ನೋಡುವಾಗ ಮಾತ್ರ, ನಮ್ಮ ತಂಡ ಅತಿ ದೊಡ್ಡ ಹೆಸರನ್ನೇ ಕೊಳ್ಳಲಿ ಎಂದು ಬಯಸುತ್ತಾನೆ. ಇದು ಮನುಷ್ಯಸ್ವಭಾವ.

ನಮ್ಮಲ್ಲಿಯೂ ಒಂದು ಡ್ರಾಫ್ಟ್ ನಡೆದಿತ್ತೆಂಬುದನ್ನು ಅನೇಕರು ಮರೆತಿರಬಹುದು. 2008ರಲ್ಲಿ ಐಪಿಎಲ್ ಆರಂಭವಾದಾಗ ಹಿರಿಯ ಆಟಗಾರರನ್ನು ಹರಾಜಿನ ಮೂಲಕ ಕೊಂಡರು. ಆದರೆ ಆ ವರ್ಷ ಮಲೇಷ್ಯಾದಲ್ಲಿ ಹತ್ತೊಂಬತ್ತು ವರ್ಷದೊಳಗಿನವರ ವಿಶ್ವಕಪ್ ಗೆದ್ದು ಬಂದ ಭಾರತದ ಹುಡುಗರನ್ನು, ಅಮೆರಿಕದ ರೀತಿಯಲ್ಲಿಯೇ, ಸರದಿಯ ಆಯ್ಕೆಯಿಂದ ಹಂಚಿದರು. ಮೊದಲ ಸರದಿ ದೆಹಲಿಯದಾಗಿತ್ತು. ಅದೇ ದೆಹಲಿಯ ಹುಡುಗ, ವಿಶ್ವಕಪ್ ಗೆದ್ದ ತಂಡದ ನಾಯಕ, ಎದುರಿಗೇ ಇದ್ದ. ದೆಹಲಿಯವರು ತಮ್ಮಲ್ಲಿ ಸೆಹವಾಗ್, ಗಂಭೀರ್ ಮೊದಲಾದ ಬ್ಯಾಟುಗಾರರು ಸಾಕಷ್ಟು ಇದ್ದಾರೆಂದು ಬೌಲರ್ ಪ್ರದೀಪ್ ಸಾಂಗ್ವಾನನನ್ನು ಆರಿಸಿಕೊಂಡರು. ಬಳಿಕ ಬೆಂಗಳೂರು ಆ ನಾಯಕನನ್ನು 30,000 ಡಾಲರಿಗೆ ಪಡೆಯಿತು. ಅವನೇ ವಿರಾಟ್ ಕೊಹ್ಲಿ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅದು ಸುಳ್ಳಲ್ಲ. ಆದರೆ ಮೊಳಕೆಯನ್ನು ನೋಡುವ ಕಣ್ಣುಗಳು ಯಾವಾಗಲೂ ಸರಿಯಾಗಿ ಕಾಣುವುದಿಲ್ಲವೆಂಬುದೂ ಅಷ್ಟೇ ಸತ್ಯ. 1936ರ ಆ ಮೊದಲ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವಾಂಗರ್ ವೃತ್ತಿಪರ ಫುಟ್‌ಬಾಲನ್ನು ಒಂದು ದಿನವೂ ಆಡಲಿಲ್ಲ. 2000ನೆಯ ಇಸವಿಯಲ್ಲಿ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರೇಡಿ ಏಳು ಸಲ ಸೂಪರ್ ಬೌಲ್ ಗೆದ್ದ. ಇವೆರಡೂ ಅಪವಾದಗಳೆಂದು ತಳ್ಳಿಹಾಕಬಹುದು. ಆದರೆ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ವಿದ್ವಾಂಸರು ಅನೇಕ ವರ್ಷಗಳ ಡ್ರಾಫ್ಟುಗಳನ್ನು ಕೂಡಿಸಿ ಕಳೆದು ನೋಡಿ, 2013ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಹಾಗೆ ತಳ್ಳಿಹಾಕಲಾಗದು. ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿತು. ಅವರು ಕಂಡುಕೊಂಡದ್ದು ಇಷ್ಟು: ಒಂದೇ ಸ್ಥಾನದಲ್ಲಿ ಆಡುವ ಇಬ್ಬರು ಒಬ್ಬರ ಹಿಂದೊಬ್ಬರು ಆಯ್ಕೆಯಾದಾಗ, ಮೊದಲು ಆಯ್ಕೆಯಾದವನೇ ಮುಂದೆ ಮೇಲಾಗುವ ಸಂಭವ ನೂರಕ್ಕೆ 52 ಮಾತ್ರ. ನಾಣ್ಯ ಚಿಮ್ಮಿದರೆ 50. ಪಂಡಿತರ ಪರೀಕ್ಷೆಯಿಂದ ದೊರೆತ ಲಾಭ ಎರಡು!

ಆದರೆ ಆ ಮೊದಲಿಗನಿಗೆ ತಂಡಗಳು ಕೊಡುತ್ತಿದ್ದ ಬೆಲೆ ಎಷ್ಟು? ಡಲ್ಲಾಸ್ ತಂಡದವರು 1991ರ ಸುಮಾರಿಗೆ ಒಂದು ಕೋಷ್ಟಕ ಮಾಡಿಕೊಂಡಿದ್ದರು. ಅದರಲ್ಲಿ ಮೊದಲ ಆಯ್ಕೆಗೆ 3000 ಅಂಕ, ಎರಡನೆಯದಕ್ಕೆ 2600, ಹದಿನಾರನೆಯದಕ್ಕೆ 1000. ಅಂದರೆ ಮೊದಲನೆಯ ಒಂದು ಆಯ್ಕೆಯು ಹದಿನಾರನೆಯ ಮೂರು ಆಯ್ಕೆಗಳಿಗೆ ಸಮ. ಕಾಲಕ್ರಮದಲ್ಲಿ ಎಲ್ಲ ತಂಡಗಳೂ ಹೆಚ್ಚುಕಡಿಮೆ ಇದೇ ಅಳತೆಯಲ್ಲಿ ವ್ಯಾಪಾರ ಮಾಡತೊಡಗಿದವು. ಮ್ಯಾಸಿ ಮತ್ತು ಥೇಲರ್ ಅವರ ಪ್ರಕಾರ ಈ ಇಳಿಜಾರು ಅತಿಯಾಗಿತ್ತು. ಆಟಗಾರರ ಗುಣವು ಕೋಷ್ಟಕದಲ್ಲಿ ಕಾಣುವಷ್ಟು ವೇಗವಾಗಿ ಕೆಳಗಿಳಿಯುವುದಿಲ್ಲ. ಆದ್ದರಿಂದ ಮಾರುವವನು ಮೇಲಿನದನ್ನು ಮಾರಿ, ಕೆಳಗಿನವನ್ನು ಹೆಚ್ಚಾಗಿ ಕೊಂಡರೆ ಸಾಮಾನ್ಯವಾಗಿ ಲಾಭದಲ್ಲಿರುತ್ತಾನೆ. ಡಲ್ಲಾಸ್ ತಂಡವೇ ಇದಕ್ಕೆ ಹಿಂದೆ ನಿದರ್ಶನವಾಗಿತ್ತು. 1989ರ ಅಕ್ಟೋಬರಿನಲ್ಲಿ ತನ್ನ ಶ್ರೇಷ್ಠ ಆಟಗಾರ ಹರ್ಷಲ್ ವಾಕರನನ್ನು ಮಿನ್ನೆಸೋಟಾಕ್ಕೆ ಕೊಟ್ಟು, ಐವರು ಆಟಗಾರರನ್ನೂ ಹಲವು ಆಯ್ಕೆಯ ಹಕ್ಕುಗಳನ್ನೂ ಪಡೆಯಿತು. ಆ ವರ್ಷ ಹದಿನಾರರಲ್ಲಿ ಹದಿನೈದು ಪಂದ್ಯ ಸೋತಿತು, ಜನ ನಕ್ಕರು. ಬಳಿಕ 1992, 1993 ಮತ್ತು 1995ರ ಋತುಗಳಲ್ಲಿ ಅದೇ ತಂಡ ಚಾಂಪಿಯನ್ ಆಯಿತು. ಇದಕ್ಕೆ ವಿರುದ್ಧವಾಗಿ 1999ರಲ್ಲಿ ನ್ಯೂ ಆರ್ಲಿಯನ್ಸ್ ತಂಡ ರಿಕಿ ವಿಲಿಯಮ್ಸ್ ಎಂಬ ಒಬ್ಬನಿಗಾಗಿ ಆ ವರ್ಷದ ತನ್ನ ಎಲ್ಲ ಆಯ್ಕೆಗಳನ್ನೂ ಮರುವರ್ಷದ ಎರಡು ಆಯ್ಕೆಗಳನ್ನೂ ಧಾರೆಯೆರೆಯಿತು. ಆ ಋತುವಿನಲ್ಲಿ ಗೆದ್ದದ್ದು ಮೂರೇ ಪಂದ್ಯ.

ಈಗ ನಮ್ಮ ಬೆಂಗಳೂರಿನ ಕಥೆ. ರಾಯಲ್ ಚಾಲೆಂಜರ್ಸ್ ತಂಡದ ಹದಿನೇಳು ವರ್ಷಗಳ ಸೋಲನ್ನು ನನ್ನ ವಿದ್ಯಾರ್ಥಿಗಳು ನನಗಿಂತ ಹೆಚ್ಚು ದುಃಖದಿಂದ ಅನುಭವಿಸಿದ್ದಾರೆ. ಆದ್ದರಿಂದ ಎಚ್ಚರದಿಂದ ಬರೆಯುತ್ತೇನೆ. ಆ ತಂಡದಲ್ಲಿ ಹೆಸರುಗಳಿಗೆ ಎಂದೂ ಬರವಿರಲಿಲ್ಲ. 2014ರಲ್ಲಿ ಒಂದು ತಂಡಕ್ಕೆ ಒಟ್ಟು 60 ಕೋಟಿ ರೂಪಾಯಿಗಳ ಮಿತಿ ಇದ್ದಾಗ, ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರನ್ನೂ ಉಳಿಸಿಕೊಂಡು, ಮೇಲೆ ಯುವರಾಜ್ ಸಿಂಗ್ ಒಬ್ಬರಿಗೇ 14 ಕೋಟಿ ಕೊಟ್ಟರು. ಆ ವರ್ಷ ತಂಡ ಏಳನೆಯ ಸ್ಥಾನದಲ್ಲಿ ನಿಂತಿತು. 2016ರಲ್ಲಿ ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ ಗಳಿಸಿದರು. ಫೈನಲಿನಲ್ಲಿ ಹೈದರಾಬಾದಿನ ವಿರುದ್ಧ 209 ಬೇಕಾಗಿತ್ತು. ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್ಟಿಗೆ 114 ಸೇರಿಸಿದರು. ಅವರಿಬ್ಬರೂ ಹೊರಟ ಮೇಲೆ ಮನೆಗೆ ಕಂಬವೇ ಇಲ್ಲದಂತಾಗಿ, ತಂಡ ಎಂಟು ರನ್ನುಗಳಿಂದ ಸೋತಿತು. ಅದಕ್ಕೂ ಹಿಂದೆ 2009 ಮತ್ತು 2011ರ ಫೈನಲುಗಳೂ ಕೈತಪ್ಪಿದ್ದವು.

2024ರ ನವೆಂಬರಿನಲ್ಲಿ ಜೆದ್ದಾದಲ್ಲಿ ನಡೆದ ಹರಾಜಿಗೆ ಬೆಂಗಳೂರು ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್ ಮೂವರನ್ನೇ ಉಳಿಸಿಕೊಂಡು, 120 ಕೋಟಿಯಲ್ಲಿ 83 ಕೋಟಿಯನ್ನು ಕೈಯಲ್ಲಿಟ್ಟುಕೊಂಡು ಹೋಯಿತು. ಅಲ್ಲಿ ರಿಷಭ್ ಪಂತ್ 27 ಕೋಟಿಗೆ ಲಖನೌ ಪಾಲಾದರು. ಶ್ರೇಯಸ್ ಅಯ್ಯರ್ 26.75 ಕೋಟಿಗೆ ಪಂಜಾಬಿನ ಪಾಲಾದರು. ನಮ್ಮ ಕೆ. ಎಲ್. ರಾಹುಲ್ ಅವರನ್ನು ದೆಹಲಿ 14 ಕೋಟಿಗೆ ಕೊಂಡಿತು. ಕನ್ನಡದ ಹುಡುಗನನ್ನು ಬಿಟ್ಟುಕೊಟ್ಟರಲ್ಲಾ ಎಂದು ಅಂದು ಬೈಯದ ಮನೆ ಇರಲಿಲ್ಲ. ಬೆಂಗಳೂರು ಕೊಂಡವರಲ್ಲಿ ಅತಿ ಹೆಚ್ಚಿನ ಬೆಲೆ ಹೇಜಲ್‌ವುಡ್ ಅವರದು, 12.50 ಕೋಟಿ. ಬಳಿಕ ಸಾಲ್ಟ್ 11.50, ಜಿತೇಶ್ ಶರ್ಮ 11, ಭುವನೇಶ್ವರ್ ಕುಮಾರ್ 10.75, ಕೃಣಾಲ್ ಪಾಂಡ್ಯ 5.75, ಟಿಮ್ ಡೇವಿಡ್ 3, ಸುಯಶ್ ಶರ್ಮ 2.60, ಶೆಫರ್ಡ್ 1.50 ಕೋಟಿ. ಪತ್ರಿಕೆಯ ಮೊದಲ ಪುಟಕ್ಕೆ ಬರುವ ಬೇಲು ಒಂದೂ ಇಲ್ಲ. ಆದರೆ ಸರಾಸರಿ ಚೆನ್ನಾಗಿತ್ತು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ಬೆಂಗಳೂರು ಮೊದಲ ಬಾರಿಗೆ ಕಪ್ ಗೆದ್ದಿತು. ಆ ಋತುವಿನಲ್ಲಿ ಆ ತಂಡದ ಒಂಬತ್ತು ಮಂದಿ ಬೇರೆ ಬೇರೆ ಆಟಗಾರರು ಪಂದ್ಯಶ್ರೇಷ್ಠರಾದರು. ಫೈನಲಿನ ಪಂದ್ಯಶ್ರೇಷ್ಠ ನಾಲ್ಕು ಓವರಿನಲ್ಲಿ 17 ರನ್ ಕೊಟ್ಟು ಎರಡು ವಿಕೆಟ್ ಪಡೆದ ಕೃಣಾಲ್. ನಾಯಕ ಪಾಟೀದಾರ್ ಅವರನ್ನು 2022ರ ಹರಾಜಿನಲ್ಲಿ ಯಾರೂ ಕೊಂಡಿರಲಿಲ್ಲ. ಗಾಯಗೊಂಡವರೊಬ್ಬರ ಬದಲಿಗೆ ಬಂದು ಅದೇ ವರ್ಷ ಲಖನೌ ವಿರುದ್ಧ ಎಲಿಮಿನೇಟರಿನಲ್ಲಿ ಅಜೇಯ 112 ಹೊಡೆದವರು. ಮರುದಿನ, ಜೂನ್ 4ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ ಹನ್ನೊಂದು ಜೀವಗಳು ಹೋದವು. ಆ ಕಪ್ಪಿನ ಬಗ್ಗೆ ಬರೆಯುವಾಗ ಅದನ್ನು ಬರೆಯದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ಯಾವ ಆಟವೂ ಅಷ್ಟು ಬೆಲೆಯುಳ್ಳದ್ದಲ್ಲ.

ಹಾಗಾದರೆ ಪ್ರಶ್ನೆಗೆ ಉತ್ತರ ದೊರೆಯಿತೆನ್ನಬಹುದೇ? ಗಣಿತದ ಮೇಷ್ಟ್ರು ಇಷ್ಟು ಬೇಗ ಉತ್ತರದ ಕೆಳಗೆ ಗೆರೆ ಎಳೆಯಬಾರದು. ಮೂರು ಆಕ್ಷೇಪಣೆಗಳಿವೆ.

ಮೊದಲನೆಯದು ಅದೃಷ್ಟದ ಮಾತು. ಅದೇ ಜೆದ್ದಾ ಹರಾಜಿನಲ್ಲಿ ವೆಂಕಟೇಶ್ ಅಯ್ಯರ್ ಅವರಿಗಾಗಿ ಬೆಂಗಳೂರು 23.50 ಕೋಟಿಯವರೆಗೂ ಕೂಗಿತ್ತು. ಕೋಲ್ಕತ್ತದವರು 25 ಲಕ್ಷ ಹೆಚ್ಚು ಕೂಗಿ ಕೊಂಡುಕೊಂಡರು. ಆ ಋತುವಿನಲ್ಲಿ ಅವರು ಎಂಟನೆಯ ಸ್ಥಾನಕ್ಕಿಳಿದರು. ಅಂದು ಕೋಲ್ಕತ್ತ ಸುಮ್ಮನಾಗಿದ್ದರೆ ಬೆಂಗಳೂರಿನ ಕೈಯಲ್ಲಿ ಭುವನೇಶ್ವರ್ ಕುಮಾರರಿಗೂ ಕೃಣಾಲರಿಗೂ ಹಣ ಉಳಿಯುತ್ತಿತ್ತೇ? ಹೇಳುವುದು ಕಷ್ಟ. ಗೆದ್ದ ಮೇಲೆ ಎಲ್ಲವೂ ವಿವೇಕವೆನಿಸಿಕೊಳ್ಳುತ್ತದೆ. ಇದೇ ವೆಂಕಟೇಶ್ ಅಯ್ಯರ್ 2025ರ ಡಿಸೆಂಬರಿನ ಹರಾಜಿನಲ್ಲಿ ಬೆಂಗಳೂರಿಗೆ 7 ಕೋಟಿಗೆ ದೊರೆತರು. ಮನುಷ್ಯ ಅವನೇ, ಬೆಲೆ ಮಾತ್ರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹೊಗೆಸೊಪ್ಪಿನ ಮಾರುಕಟ್ಟೆಯನ್ನು ಕಂಡವರಿಗೆ ಇದು ಆಶ್ಚರ್ಯವೆನಿಸಲಾರದು.

ಎರಡನೆಯದು, ಎದುರು ಪಕ್ಷದಲ್ಲೂ ಸಾಕ್ಷಿಗಳಿವೆ ಎಂಬುದು. ಒಬ್ಬನಿಗೆ 26.75 ಕೋಟಿ ಕೊಟ್ಟ ಪಂಜಾಬ್ ತಂಡವೇ ಫೈನಲಿಗೆ ಬಂದು, ಆರು ರನ್ನುಗಳಷ್ಟೇ ಹಿಂದೆ ಉಳಿಯಿತು. ಆರು ರನ್ನುಗಳ ಮೇಲೆ ಒಂದು ಸಿದ್ಧಾಂತವನ್ನು ಕಟ್ಟುವುದು ಸಾಹಸವೇ ಸರಿ. ಅಮೆರಿಕದಲ್ಲಿ 1998ರಲ್ಲಿ ಮೊದಲನೆಯವನಾಗಿ ಪೇಟನ್ ಮ್ಯಾನಿಂಗ್, ಎರಡನೆಯವನಾಗಿ ರಯಾನ್ ಲೀಫ್ ಆಯ್ಕೆಯಾದರು. ಇಬ್ಬರಲ್ಲಿ ಯಾರು ಮೇಲೆಂದು ಅಂದು ವಾದವಿತ್ತು. ಮ್ಯಾನಿಂಗ್ ಆ ಆಟದ ಮಹಾಪುರುಷರಲ್ಲಿ ಒಬ್ಬನಾದ. ಲೀಫ್ ಕೆಲವೇ ವರ್ಷಗಳಲ್ಲಿ ಮರೆಯಾದ. ಅಂದು ಇಂಡಿಯಾನಾಪೊಲಿಸ್ ತಂಡ ಕೋಷ್ಟಕವನ್ನು ನಂಬಿ ಮೊದಲ ಆಯ್ಕೆಯನ್ನು ಮಾರಿದ್ದರೆ? ನೂರಕ್ಕೆ 52 ಎಂಬುದು ಎಲ್ಲ ವರ್ಷಗಳ ಸರಾಸರಿ. ಯಾವುದೋ ಒಂದು ವರ್ಷ, ಎದುರಿಗೆ ನಿಂತವನು ಸರಾಸರಿಯವನಲ್ಲದೆ ಇರಬಹುದು. ಬೆಂಗಳೂರು ಕೂಡ ಎಲ್ಲವನ್ನೂ ಸಮನಾಗಿ ಹಂಚಲಿಲ್ಲ. ಕೊಹ್ಲಿಗೆ 21 ಕೋಟಿ ಕೊಟ್ಟು ಮೊದಲೇ ಕಟ್ಟಿಹಾಕಿಕೊಂಡಿತ್ತು. ಒಂದು ಆಧಾರಸ್ತಂಭವನ್ನು ನಿಲ್ಲಿಸಿ, ಉಳಿದುದನ್ನು ಹರಡಿತು.

ಮೂರನೆಯದು ಹೊಂದಾಣಿಕೆಯ ಮಾತು. ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಒಂದೇ ಎತ್ತಿನ ಅಂದವನ್ನು ನೋಡುವುದಿಲ್ಲ, ಜೋಡಿಯನ್ನು ನೋಡುತ್ತಾನೆ. ಎತ್ತರ, ಕೊಂಬು, ನಡಿಗೆ ಮೂರೂ ಸರಿಹೊಂದದಿದ್ದರೆ ಎಷ್ಟೇ ಸೊಗಸಾದ ಹಳ್ಳಿಕಾರ್ ಎತ್ತಾದರೂ ನೊಗಕ್ಕೆ ಒದಗುವುದಿಲ್ಲ. ಹಲವರನ್ನು ಕೊಂಡ ಮಾತ್ರಕ್ಕೆ ತಂಡವಾಗದು. ಇದಕ್ಕೆ ಬೆಂಗಳೂರಿನ ಮತ್ತೊಂದು ತಂಡ, ನಿಜವಾಗಿ ಕಾಲಿನಿಂದ ಫುಟ್‌ಬಾಲ್ ಆಡುವ ಬೆಂಗಳೂರು ಎಫ್‌ಸಿ, ಒಳ್ಳೆಯ ಉದಾಹರಣೆ. 2017ರ ಜುಲೈ 23ರಂದು ಮುಂಬಯಿಯಲ್ಲಿ ಇಂಡಿಯನ್ ಸೂಪರ್ ಲೀಗಿನ ಡ್ರಾಫ್ಟ್ ನಡೆದಾಗ ಅವರು ಸುನಿಲ್ ಚೆಟ್ರಿ ಮತ್ತು ಉದಾಂತ ಸಿಂಗ್ ಅವರನ್ನು ಮೊದಲೇ ಉಳಿಸಿಕೊಂಡಿದ್ದರು. ಡ್ರಾಫ್ಟಿನ ಮೊದಲ ಆಯ್ಕೆ ಜಮ್ಷೆಡ್‌ಪುರದ್ದು, 1.10 ಕೋಟಿಯ ಅನಸ್ ಎಡತೊಡಿಕ ಅವರನ್ನು ಆ ತಂಡ ಆರಿಸಿಕೊಂಡಿತು. ಬೆಂಗಳೂರು ಆರಿಸಿಕೊಂಡವರಲ್ಲಿ ರಕ್ಷಣಾ ಆಟಗಾರ ರಾಹುಲ್ ಭೇಕೆ ಒಬ್ಬರು; ಅಂದಿನ ಸುದ್ದಿಗಳಲ್ಲಿ ದೊಡ್ಡ ಹೆಸರೇನೂ ಅಲ್ಲ. 2019ರ ಮಾರ್ಚ್ 17ರಂದು ಗೋವಾ ವಿರುದ್ಧದ ಫೈನಲು ಹೆಚ್ಚುವರಿ ಸಮಯಕ್ಕೆ ಹೋಗಿ, 117ನೆಯ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡಿಗೆ ತಲೆಕೊಟ್ಟು ಗೆಲುವಿನ ಏಕೈಕ ಗೋಲು ಹೊಡೆದವರು ಅದೇ ಭೇಕೆ. ಇಲ್ಲಿಯೂ ಚೆಟ್ರಿ ಎಂಬ ಕಂಬ ಒಂದಿತ್ತು, ಸುತ್ತ ಹೊಂದಿಕೊಂಡ ತೊಲೆಗಳಿದ್ದವು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸ್ವಂತ ಲೆಕ್ಕವೊಂದನ್ನು ಹೇಳಬೇಕು. ಏಕೆಂದರೆ ಈ ಪ್ರಶ್ನೆಗೆ ನಾನು ಉತ್ತರ ಕಂಡುಕೊಂಡದ್ದು ಆಟದ ಮೈದಾನದಲ್ಲಲ್ಲ. 1990ರ ದಶಕದ ಒಂದು ವರ್ಷ ಹತ್ತನೆಯ ತರಗತಿಯಲ್ಲಿ ಅಸಾಮಾನ್ಯ ಬುದ್ಧಿಯ ಹುಡುಗನೊಬ್ಬನಿದ್ದ. ಅವನನ್ನು ಗಣಿತದಲ್ಲಿ ನೂರಕ್ಕೆ ನೂರು ತೆಗೆಸಿ, ಊರಿಗೆ ಹೆಸರು ತರಬೇಕೆಂಬುದು ಹಿರಿಯರ ಆಸೆಯಾಗಿತ್ತು. ಅದೇ ತರಗತಿಯಲ್ಲಿ 25 ಮತ್ತು 35 ಅಂಕಗಳ ನಡುವೆ ಓಲಾಡುತ್ತಿದ್ದವರು ಹನ್ನೊಂದು ಮಂದಿ. ಬ್ಯಾರನ್ನಿನ ಕೆಲಸ ಮುಗಿಸಿ, ಕೈಗೆ ಅಂಟಿದ ಹೊಗೆಸೊಪ್ಪಿನ ಅಂಟು ಹೋಗುವ ಮೊದಲೇ ಶಾಲೆಗೆ ಬರುತ್ತಿದ್ದ ಮಕ್ಕಳು. ನನ್ನ ಬಳಿ ಇದ್ದದ್ದು ಸಂಜೆಯ ಒಂದೇ ಗಂಟೆ. ಅದನ್ನು ಒಬ್ಬನಿಗೆ ಕೊಡುವುದೋ, ಹನ್ನೊಂದು ಮಂದಿಗೋ?

ನಾನು ಹನ್ನೊಂದು ಮಂದಿಗೆ ಕೊಟ್ಟೆ. ಆ ಮಾರ್ಚಿನಲ್ಲಿ ಅವರಲ್ಲಿ ಎಂಟು ಮಂದಿ ತೇರ್ಗಡೆಯಾದರು. ಇಬ್ಬರು ಪೂರಕ ಪರೀಕ್ಷೆಯಲ್ಲಿ ದಡ ಸೇರಿದರು. ಒಬ್ಬ ಪರೀಕ್ಷೆಗೆ ಮೊದಲೇ ಶಾಲೆ ಬಿಟ್ಟ. ಆ ಬುದ್ಧಿವಂತ ಹುಡುಗ ಗಣಿತದಲ್ಲಿ 94 ತೆಗೆದ. ಅವನ ತಂದೆ ಬಹಳ ದಿನ ನನ್ನೊಡನೆ ಮಾತು ಬಿಟ್ಟರು. ಆ ಆರು ಅಂಕಗಳು ನನ್ನ ಲೆಕ್ಕದಲ್ಲಿ ಯಾವಾಗಲೂ ಖರ್ಚಿನ ಪಟ್ಟಿಯಲ್ಲಿಯೇ ಇವೆ. ಅವು ಖರ್ಚೇ ಅಲ್ಲವೆಂದು, ಹಂಚಿದ್ದರಿಂದ ಎಲ್ಲರಿಗೂ ಲಾಭವೇ ಆಯಿತೆಂದು ಹೇಳಿದರೆ ಅದು ಮೇಷ್ಟ್ರ ಜಾಣತನವಾದೀತೇ ಹೊರತು ಸತ್ಯವಾಗದು. ಇಳಿದು ಆರಿಸುವವನು ಮೇಲಿನದನ್ನು ನಿಜವಾಗಿಯೂ ಬಿಟ್ಟುಕೊಡುತ್ತಾನೆ. ಅದರ ಬೆಲೆಯನ್ನು ಯಾರೋ ಒಬ್ಬರು ತೆರುತ್ತಾರೆ. ಅಂದು ಅದನ್ನು ತೆತ್ತವನು ಹದಿನೈದು ವರ್ಷದ ಹುಡುಗ. ಅವನೂ ಈ ಪುಟಗಳನ್ನು ಓದುತ್ತಾನೆ. ಆ ಸಂಜೆಯ ಗಂಟೆ ಮತ್ತೆ ನನ್ನ ಕೈಗೆ ಬಂದರೆ ನಾನು ಅದನ್ನು ಅಂದಿನಂತೆಯೇ ಕೊಡುವೆನೆಂಬುದನ್ನು ಅವನು ಬಲ್ಲ. ತಾನಾಗಿ ಮುಂದೆ ಹೋಗಬಲ್ಲವನು ಅವನಾಗಿದ್ದ. ಉಳಿದವರಿಗೆ ಆ ಗಂಟೆಯ ಹೊರತು ಬೇರೆ ದಾರಿ ಇರಲಿಲ್ಲ. ಒಂದು ವೇಳೆ ಆ ಹುಡುಗನಿಗೂ ಬೇರೆ ದಾರಿಯೇ ಇಲ್ಲದಿದ್ದರೆ, ನನ್ನ ಲೆಕ್ಕ ಇಷ್ಟು ಸುಲಭವಾಗುತ್ತಿರಲಿಲ್ಲ.

ಇದರಿಂದ ನಾನು ಕಲಿತ ಮತ್ತೊಂದು ಸಂಗತಿಯಿದೆ. ಅದು ಮ್ಯಾಸಿ ಮತ್ತು ಥೇಲರ್ ಅವರ ಅಂಕಿಗಳ ಹಿಂದೆಯೂ ಅಡಗಿದೆಯೆಂದು ನನಗೆ ತೋರುತ್ತದೆ. ಮೊದಲ ಆಯ್ಕೆಯನ್ನು ಪಡೆದವನು ಸಿದ್ಧವಾದುದನ್ನು ಪಡೆದೆನೆಂದು ತಿಳಿಯುತ್ತಾನೆ. ಹಲವನ್ನು ಪಡೆದವನು ಮಾತ್ರ ಬೆಳೆಸುವ ಹೊಣೆಯನ್ನು ಹೊರುತ್ತಾನೆ. ಹನ್ನೊಂದು ಮಂದಿಯನ್ನು ಆರಿಸಿಕೊಂಡು ಸಂಜೆಯ ಗಂಟೆಗೆ ನಾನು ಹೋಗದೆ ಇದ್ದಿದ್ದರೆ, ಆರು ಅಂಕಗಳೂ ಹೋಗುತ್ತಿದ್ದವು, ಎಂಟು ಮಂದಿಯೂ ಹೋಗುತ್ತಿದ್ದರು. ಡಲ್ಲಾಸಿನಲ್ಲಿ ಪಡೆದ ಹಕ್ಕುಗಳನ್ನು ಆಟಗಾರರನ್ನಾಗಿ ಮಾಡುವ ತರಬೇತುದಾರ ಜಿಮ್ಮಿ ಜಾನ್ಸನ್ ಇದ್ದರು. ಬೆಂಗಳೂರಿನಲ್ಲಿ ಬ್ಯಾಟಿಂಗ್ ತರಬೇತುದಾರರಾಗಿ ದಿನೇಶ್ ಕಾರ್ತಿಕ್ ಇದ್ದರು, ಮುಖ್ಯ ತರಬೇತುದಾರರಾಗಿ ಆಂಡಿ ಫ್ಲವರ್ ಇದ್ದರು. ತೋಟ ನೋಡಿಕೊಳ್ಳುವವನಿಲ್ಲದ ಮನೆಗೆ ಹತ್ತು ಸಸಿ ತಂದರೇನು, ಒಂದು ಸಸಿ ತಂದರೇನು?

ಆದ್ದರಿಂದ ನನ್ನ ತಮ್ಮನ ಮಗನಿಗೂ, ಶಾಲೆಯ ತಂಡವನ್ನೋ ಸಂಘದ ಪದಾಧಿಕಾರಿಗಳನ್ನೋ ಆರಿಸುವ ಸ್ಥಾನದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಹೇಳುವುದಿಷ್ಟು. ಮೊಳಕೆಯನ್ನು ನೋಡಿ ಸಿರಿಯನ್ನು ಹೇಳುವುದರಲ್ಲಿ ನಾವು ತಿಳಿದಷ್ಟು ಜಾಣರಲ್ಲ. ಆದುದರಿಂದ ಒಂದಕ್ಕೆ ಎಲ್ಲವನ್ನೂ ತೆರುವುದಕ್ಕಿಂತ ಹಲವನ್ನು ಪಡೆಯುವುದೇ ಬಹುಮಟ್ಟಿಗೆ ಲೇಸು. ಮನೆಯಲ್ಲಿ ಒಂದು ಗಟ್ಟಿ ಕಂಬ ಈಗಾಗಲೇ ಇದ್ದರೆ, ಅದು ಮತ್ತಷ್ಟು ಲೇಸು. ಕಂಬವೇ ಇಲ್ಲದಿದ್ದಾಗ, ಎದುರಿಗೆ ಅಪೂರ್ವವಾದದ್ದು ನಿಂತಿದೆಯೆಂಬುದಕ್ಕೆ ನಿಮ್ಮ ಆಸೆಯಲ್ಲದ ಬೇರೆ ಪ್ರಮಾಣವೂ ಇದ್ದರೆ, ಕೋಷ್ಟಕವನ್ನು ಬದಿಗಿಟ್ಟು ಅದನ್ನೇ ಹಿಡಿಯಿರಿ. ಇಳಿದು ಆರಿಸಿದ ಮೇಲೆ ಜನ ನಕ್ಕರೆ ಒಂದೆರಡು ವರ್ಷ ನಗಲು ಬಿಡಿ. ಆದರೆ ಆರಿಸಿಕೊಂಡವರ ಬಳಿ ಪ್ರತಿದಿನ ಹೋಗುವಷ್ಟು ಪುರುಸೊತ್ತು ನಿಮ್ಮಲ್ಲಿ ಇಲ್ಲವೆಂದಾದರೆ, ಹಲವರನ್ನು ಪಡೆಯುವ ಗೋಜಿಗೆ ಹೋಗಬೇಡಿ. ಸರದಿಯ ಕೊನೆಯಲ್ಲಿ ಉಳಿದ ಹುಡುಗನಿಗೆ, ತನ್ನನ್ನು ಆರಿಸಿಕೊಂಡವರು ಮರೆತುಬಿಟ್ಟರೆಂಬುದು, ಆರಿಸದೆ ಬಿಟ್ಟರೆಂಬುದಕ್ಕಿಂತ ಹೆಚ್ಚಿನ ನೋವು.